ಲುಥೆರನ್ ದೇವತಾಶಾಸ್ತ್ರಜ್ಞನ ಬದುಕನ್ನು ದಾಖಲೆಗಳಿಂದ ಕಟ್ಟುವುದು ಹೇಗೆ

1550ರಿಂದ 1700ರ ನಡುವೆ ಜರ್ಮನ್ ಸೀಮೆಗಳಲ್ಲಿ ಪಾಠ ಹೇಳಿದ ಲುಥೆರನ್ (ಮಾರ್ಟಿನ್ ಲೂಥರನ ಪ್ರಾಟೆಸ್ಟಂಟ್ ಪಂಥದ) ಪಂಡಿತರ ಬಗ್ಗೆ ಬರೆಯಲು ಹೊರಟವರಿಗೆ ಸಾಮಗ್ರಿಯ ಬರ ಇಲ್ಲ. ವಿಶ್ವವಿದ್ಯಾಲಯದ ದಾಖಲಾತಿ ಪುಸ್ತಕ, ವಾದಗೋಷ್ಠಿಯ ಅಚ್ಚುಪ್ರತಿ, ಅಂತ್ಯಕ್ರಿಯೆಯ ಪ್ರಸಂಗ, ನೇಮಕದ ಪತ್ರ, ದೀಕ್ಷಾಸ್ನಾನದ ದಾಖಲೆ, ಗೆಳೆಯರ ಸಹಿಪುಸ್ತಕ: ಹೆಸರು ಮಾಡದ ಪ್ರಾಧ್ಯಾಪಕನಿಗೂ ಇವುಗಳಲ್ಲಿ ಕೆಲವಾದರೂ ಸಿಗುತ್ತವೆ. ಜನ ಎಡವುವುದು ಹುಡುಕುವಲ್ಲಿ ಅಲ್ಲ, ಓದುವಲ್ಲಿ.

ಹೆಚ್ಚಿನ ಬರಹಗಳು ಆತನ ಸಿದ್ಧಾಂತದಿಂದ ಶುರುವಾಗುತ್ತವೆ. ಹಾಗೆ ಮಾಡಬೇಡಿ. ಆ ಕಾಲದ ಲುಥೆರನ್ ಪ್ರಾಧ್ಯಾಪಕ ಒಬ್ಬ ದೊರೆಯ ಇಲ್ಲವೇ ಒಂದು ನಗರಸಭೆಯ ನೌಕರ. ದೊರೆ ಕರೆದರೆ ಬರಬೇಕು, ಬಿಡದಿದ್ದರೆ ಇರಬೇಕು, ದೊರೆಯ ಪಂಥ ಬದಲಾದರೆ ಊರು ಬಿಡಬೇಕು. ಹಾಗಾಗಿ ಮೊದಲು ಹುದ್ದೆಗಳ ಸಾಲನ್ನು ವರ್ಷವಾರು ಕಟ್ಟಿ. ಯಾವ ಪುಸ್ತಕ ಯಾವ ಊರಲ್ಲಿ, ಯಾವ ಹೊಣೆಯ ನಡುವೆ ಹುಟ್ಟಿತು ಎಂಬುದು ಗೊತ್ತಾದ ಮೇಲೆಯೇ ವಿಚಾರಕ್ಕೆ ಕೈಹಾಕಿ.

ಮಾದರಿಗೆ ಯೋಹಾನ್ ಗೆರ್ಹಾರ್ಡ್‌ನನ್ನು ಇಟ್ಟುಕೊಳ್ಳೋಣ. 1582ರಲ್ಲಿ ಕ್ವೆಡ್ಲಿನ್‌ಬುರ್ಗ್‌ನಲ್ಲಿ ಹುಟ್ಟಿ 1637ರಲ್ಲಿ ಯೇನಾದಲ್ಲಿ ತೀರಿಕೊಂಡ ಈತನ ವೃತ್ತಿಜೀವನದಲ್ಲಿ ಆ ಕಾಲದ ಬಹುತೇಕ ತೊಡಕುಗಳೆಲ್ಲ ಒಂದೊಂದಾಗಿ ಬರುತ್ತವೆ.

ಕೆಲಸದ ಹಾಳೆ

ಕಂಪ್ಯೂಟರಿನಲ್ಲೋ ಕಾಗದದಲ್ಲೋ ಏಳು ಕಾಲಂ ಹಾಕಿ: ಮೂಲದಲ್ಲಿ ಇದ್ದ ಹಾಗೇ ತಾರೀಖು, ಅದು ಯಾವ ಪಂಚಾಂಗದ್ದು, ಪರಿವರ್ತಿಸಿದ ತಾರೀಖು, ಘಟನೆ, ಊರು, ಮೂಲ, ಮೂಲದ ಕಾಲ. ಕೊನೆಯ ಕಾಲಂ ಬಿಟ್ಟುಬಿಡುವವರೇ ಹೆಚ್ಚು. ಘಟನೆ ನಡೆದ ವರ್ಷವೇ ಬರೆದ ದಾಖಲೆಗೂ ಮೂವತ್ತು ವರ್ಷ ಕಳೆದು ಸಾವಿನ ಹೊತ್ತಿಗೆ ಬರೆದದ್ದಕ್ಕೂ ಇರುವ ಅಂತರ ಅಲ್ಲೇ ಕಾಣುವುದು. ಎರಡು ಮೂಲಗಳು ಬೇರೆ ಬೇರೆ ತಾರೀಖು ಹೇಳಿದರೆ ಎರಡು ಸಾಲು ಬರೆಯಿರಿ, ಒಂದನ್ನು ಅಳಿಸಬೇಡಿ. ಅಳಿಸಿದ ಸಾಲೇ ಸರಿಯಾಗಿತ್ತು ಎಂದು ತಿಳಿಯುವುದು ಸಾಮಾನ್ಯವಾಗಿ ಬರಹ ಮುಗಿದ ಮೇಲೆ.

ಹೆಸರು

ಹೆಸರಿನ ಎಲ್ಲ ರೂಪಗಳನ್ನೂ ಮೊದಲೇ ಪಟ್ಟಿಮಾಡಿ. ಪಂಡಿತರು ಮನೆತನದ ಹೆಸರನ್ನು ಲ್ಯಾಟಿನ್‌ಗೋ ಗ್ರೀಕ್‌ಗೋ ತಿರುಗಿಸಿಕೊಳ್ಳುತ್ತಿದ್ದರು. ಮ್ಯುಲರ್ ಮೋಲಿಟರ್ ಆಗುತ್ತಾನೆ, ಶ್ನೈಡರ್ ಸಾರ್ಟರ್, ಶ್ಮಿಟ್ ಫಾಬರ್. ತಿರುಗಿಸದವರು ಬಾಲಕ್ಕೆ ‘ಉಸ್’ ಸೇರಿಸುತ್ತಿದ್ದರು: ಕಾಲೊವ್ ಕಾಲೊವಿಯುಸ್, ಕೆಮ್ನಿಟ್ಸ್ ಕೆಮ್ನಿಟಿಯುಸ್. ಮುಖಪುಟದಲ್ಲಿ ಹೆಸರು ವಿಭಕ್ತಿ ಹತ್ತಿಸಿಕೊಂಡು ಬರುತ್ತದೆ. ‘ಯೋಹಾನ್ನಿಸ್ ಗೆರ್ಹಾರ್ಡಿ’ ಎಂದರೆ ಗೆರ್ಹಾರ್ಡನ, ‘ಪ್ರೆಸಿಡೆ ಯೋಹಾನ್ನೆ ಗೆರ್ಹಾರ್ಡೊ’ ಎಂದರೆ ಗೆರ್ಹಾರ್ಡನ ಅಧ್ಯಕ್ಷತೆಯಲ್ಲಿ. ಲ್ಯಾಟಿನ್ ಬಾರದವರು ‘ಗೆರ್ಹಾರ್ಡಿ’ಯನ್ನೇ ಮನೆತನದ ಹೆಸರೆಂದು ಹಾಕಿಬಿಡುತ್ತಾರೆ.

ಹೆಸರಿನ ಜೊತೆ ಹುಟ್ಟೂರು ಬಂದಿದ್ದರೆ ಅದನ್ನು ಹೆಸರಿಗಿಂತ ಹೆಚ್ಚು ನಂಬಿ. ಕ್ವೆಡ್ಲಿನ್‌ಬುರ್ಗೆನ್ಸಿಸ್ ಎಂದಿದ್ದರೆ ಕ್ವೆಡ್ಲಿನ್‌ಬುರ್ಗ್‌ನವನು. ಆ ಕಾಲದ ಕಾಗುಣಿತ ಹೆಸರಿನಲ್ಲಿ ಅಲೆದಾಡಿದಷ್ಟು ಊರಿನಲ್ಲಿ ಅಲೆದಾಡುವುದಿಲ್ಲ.

ಮನೆತನಗಳೇ ಪ್ರಾಧ್ಯಾಪಕ ವಂಶಗಳಾಗಿದ್ದ ಕಾಲ ಅದು. ಗೆರ್ಹಾರ್ಡನ ಮಗ ಯೋಹಾನ್ ಎರ್ನ್ಸ್ಟ್ (1621–1668) ಯೇನಾದಲ್ಲೇ ದೇವತಾಶಾಸ್ತ್ರದ ಪ್ರಾಧ್ಯಾಪಕ. ಅದೇ ಹೆಸರಿನ ಮೊಮ್ಮಗ (1662–1707) ಗೀಸೆನ್‌ನಲ್ಲಿ. ಲೈಪ್ಜಿಗ್‌ನಲ್ಲಿ ಯೋಹಾನ್ ಬೆನೆಡಿಕ್ಟ್ ಕಾರ್ಪ್‌ಝೋವ್ ಎಂಬ ಹೆಸರಿನ ತಂದೆ (1607–1657), ಮಗ (1639–1699) ಇಬ್ಬರೂ ದೇವತಾಶಾಸ್ತ್ರಜ್ಞರೇ. ಕೀರ್ತನೆಗಳ ಕವಿ ಪಾಲ್ ಗೆರ್ಹಾರ್ಟ್ (1607–1676) ಇವರ ಬಳಗದವನಲ್ಲ. 1650ರ ದಶಕದ ಒಂದು ಪುಸ್ತಕ ‘ಕಾರ್ಪ್‌ಝೋವ್, ಲೈಪ್ಜಿಗ್’ ಎಂದಷ್ಟೇ ಹೇಳಿದರೆ ತಂದೆ ಸತ್ತ ವರ್ಷವನ್ನೂ ಮಗನ ವಯಸ್ಸನ್ನೂ ಲೆಕ್ಕ ಹಾಕದೆ ಮುಂದೆ ಹೋಗಬೇಡಿ. ಗ್ರಂಥಾಲಯ ಸೂಚಿಗಳಲ್ಲಿ ಜರ್ಮನ್ ರಾಷ್ಟ್ರೀಯ ಗ್ರಂಥಾಲಯ ಕೊಡುವ ವ್ಯಕ್ತಿಸಂಖ್ಯೆ (ಜಿಎನ್‌ಡಿ) ಇರುತ್ತದೆ. ಪ್ರತಿ ಸಾಲಿನಲ್ಲೂ ಆ ಸಂಖ್ಯೆ ಬರೆದಿಟ್ಟರೆ ಅಪ್ಪ-ಮಗ ಬೆರೆಯುವುದಿಲ್ಲ. ಆದರೆ ಸೂಚಿಕಾರರೂ ತಪ್ಪುತ್ತಾರೆ. ಸಂಖ್ಯೆ ಇದೆ ಎಂದ ಮಾತ್ರಕ್ಕೆ ಮುಖಪುಟ ನೋಡುವುದನ್ನು ಬಿಡುವಂತಿಲ್ಲ.

ತಾರೀಖು

ಕ್ಯಾಥೊಲಿಕ್ ದೇಶಗಳು 1582ರಿಂದ ಗ್ರೆಗೋರಿಯನ್ ಪಂಚಾಂಗಕ್ಕೆ ಸರಿಯತೊಡಗಿದವು. ಜರ್ಮನಿಯ ಪ್ರಾಟೆಸ್ಟಂಟ್ ಸೀಮೆಗಳು ಪೋಪ್ ಮಾಡಿಸಿದ್ದು ಎಂಬ ಕಾರಣಕ್ಕೇ ಅದನ್ನು ಒಪ್ಪದೆ ಹಳೆಯ ಜೂಲಿಯನ್ ಪಂಚಾಂಗದಲ್ಲೇ ಉಳಿದು, 1700ರಲ್ಲಿ ಬದಲಾದವು. ಆ ವರ್ಷ ಫೆಬ್ರುವರಿ 18ರ ಮರುದಿನ ಮಾರ್ಚ್ 1. ಅಲ್ಲಿಯವರೆಗೆ ಎರಡರ ನಡುವೆ 10 ದಿನದ ಅಂತರ. ಡೆನ್ಮಾರ್ಕ್ ಕೂಡ 1700ರಲ್ಲೇ ಬದಲಾಯಿತು. ಸ್ವೀಡನ್ 1753ರವರೆಗೆ ತಡಮಾಡಿತು. ಸ್ಟ್ರಾಸ್‌ಬುರ್ಗ್ 1681ರಲ್ಲಿ ಫ್ರೆಂಚರ ಕೈಸೇರಿ 1682ರಲ್ಲಿ ಹೊಸದಕ್ಕೆ ಬಂತು. ಪ್ರಷ್ಯಾದ ಡಚಿ, ಅಂದರೆ ಕ್ಯೋನಿಗ್ಸ್‌ಬೆರ್ಗ್ ವಿಶ್ವವಿದ್ಯಾಲಯ ಇದ್ದ ಸೀಮೆ, 17ನೇ ಶತಮಾನದ ಆರಂಭದಲ್ಲೇ ಬದಲಾಗಿತ್ತು. ಆದ್ದರಿಂದ ‘ಲುಥೆರನ್ ಆದರೆ ಹಳೆಯ ಪಂಚಾಂಗ’ ಎಂಬ ಸುಲಭ ಸೂತ್ರ ಇಲ್ಲ. ಊರು ನೋಡಿ, ವರ್ಷ ನೋಡಿ.

ಗೆರ್ಹಾರ್ಡ್ ಸತ್ತದ್ದು ಯೇನಾದ ಲೆಕ್ಕದಲ್ಲಿ 1637ರ ಆಗಸ್ಟ್ 17. ಹೊಸ ಲೆಕ್ಕದಲ್ಲಿ ಆಗಸ್ಟ್ 27. ಎರಡೂ ಒಂದೇ ದಿನ, ಎರಡೂ ಪುಸ್ತಕಗಳಲ್ಲಿ ಸಿಗಬಹುದು. ಬರಹದಲ್ಲಿ ಯಾವುದಾದರೂ ಒಂದನ್ನು ಉದ್ದಕ್ಕೂ ಬಳಸಿ, ಯಾವುದೆಂದು ಮೊದಲೇ ಒಂದು ಸಾಲಿನಲ್ಲಿ ಹೇಳಿ. ಸ್ಥಳೀಯ ತಾರೀಖನ್ನೇ ಇಟ್ಟುಕೊಳ್ಳುವುದು ಮೇಲು, ಯಾಕೆಂದರೆ ಚರ್ಚಿನ ದಾಖಲೆ, ವಿಶ್ವವಿದ್ಯಾಲಯದ ದಾಖಲೆ ಎರಡೂ ಅದರಲ್ಲೇ ಇವೆ. ವಾರದ ದಿನವೂ ತಾಳೆಯಾಗುತ್ತದೆ. ಪತ್ರಗಳಲ್ಲಿ ಭಿನ್ನರಾಶಿಯ ಹಾಗೆ 7/17 ಎಂದು ಬರೆದಿದ್ದರೆ ಮೊದಲನೆಯದು ಹಳೆಯದು, ಎರಡನೆಯದು ಹೊಸದು.

ತಿಂಗಳಿನ ಸಂಕ್ಷೇಪದಲ್ಲಿ ಬಲಿಬೀಳುವವರು ಬಹಳ. 7 ಅಂಕಿಯ ಮುಂದೆ ‘ಬ್ರಿಸ್’ ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಹಾಗೆಯೇ 8 ಅಕ್ಟೋಬರ್, 9 ನವೆಂಬರ್, ರೋಮನ್ ಹತ್ತು ಡಿಸೆಂಬರ್. ಲ್ಯಾಟಿನ್ ಸಂಖ್ಯೆಯ ಹೆಸರನ್ನು ಅಂಕಿಯಲ್ಲಿ ಬರೆದಿದ್ದಾರೆ, ಅಷ್ಟೇ.

ವಿಶ್ವವಿದ್ಯಾಲಯದ ಗಂಭೀರ ಪ್ರಕಟಣೆಗಳು ರೋಮನ್ ರೀತಿಯಲ್ಲಿ ಹಿಂದಕ್ಕೆ ಎಣಿಸುತ್ತವೆ. ‘ಸೆಪ್ಟೆಂಬರಿನ ಕಾಲೆಂಡಾಕ್ಕೆ 16ನೆಯ ದಿನ’ ಎಂದರೆ ಆಗಸ್ಟಿನ ತಾರೀಖು (ಕಾಲೆಂಡಾ ಅಂದರೆ ತಿಂಗಳ ಮೊದಲ ದಿನ). ಲೆಕ್ಕ ಹೀಗೆ: ಹಿಂದಿನ ತಿಂಗಳ ದಿನಗಳು 31, ಅದಕ್ಕೆ 2 ಕೂಡಿಸಿ 33, ಅದರಿಂದ 16 ಕಳೆಯಿರಿ. 17 ಆಗಸ್ಟ್. ಕೂಡಿಸುವ 2 ಯಾಕೆಂದರೆ ರೋಮನರು ಎರಡು ತುದಿಯ ದಿನಗಳನ್ನೂ ಎಣಿಸುತ್ತಿದ್ದರು. ಸೆಪ್ಟೆಂಬರ್ ಹೆಸರು ಕಂಡು ಸೆಪ್ಟೆಂಬರಿನಲ್ಲೇ ಇಟ್ಟರೆ ಇಡೀ ತಿಂಗಳು ಜಾರುತ್ತದೆ.

ಹಬ್ಬದ ಹೆಸರಿನ ತಾರೀಖುಗಳೂ ಉಂಟು. ಕಾಂಟಾಟೆ ಭಾನುವಾರ ಎಂದರೆ ಈಸ್ಟರ್ ಆದ ಮೇಲಿನ ನಾಲ್ಕನೆಯ ಭಾನುವಾರ. ಇಲ್ಲಿ ಹತ್ತು ದಿನ ಕೂಡಿಸಿದರೆ ಸಾಲದು. ಎರಡು ಪಂಚಾಂಗಗಳ ಈಸ್ಟರ್ ಕೆಲವೊಮ್ಮೆ ಒಂದೇ ದಿನ ಬೀಳುತ್ತದೆ, ಕೆಲವೊಮ್ಮೆ ವಾರಗಟ್ಟಲೆ ದೂರ. ಆ ವರ್ಷದ ಜೂಲಿಯನ್ ಈಸ್ಟರನ್ನು ಕೋಷ್ಟಕದಲ್ಲಿ ನೋಡಿ ಅಲ್ಲಿಂದ ಎಣಿಸಿ. 1700ರ ನಂತರವೂ ಜರ್ಮನ್ ಪ್ರಾಟೆಸ್ಟಂಟರು ಕೆಲಕಾಲ ಖಗೋಳ ಲೆಕ್ಕದ ಈಸ್ಟರ್ ಇಟ್ಟುಕೊಂಡಿದ್ದರಿಂದ 1724 ಮತ್ತು 1744ರಲ್ಲಿ ಕ್ಯಾಥೊಲಿಕರ ಹಬ್ಬ ಬೇರೆ, ಅವರದು ಬೇರೆ.

ವಯಸ್ಸಿನ ಲೆಕ್ಕ: ‘ವಯಸ್ಸಿನ 55ನೆಯ ವರ್ಷದಲ್ಲಿ’ ಎಂದರೆ 54 ತುಂಬಿದೆ ಎಂದರ್ಥ. 1582ರ ಅಕ್ಟೋಬರ್ 17ರಂದು ಹುಟ್ಟಿದ ಗೆರ್ಹಾರ್ಡ್‌ಗೆ ಸಾಯುವಾಗ 54 ವರ್ಷ 10 ತಿಂಗಳು. ಸಮಾಧಿ ಬರಹದ 55ನ್ನು ಸಾವಿನ ವರ್ಷದಿಂದ ಕಳೆದು ಹುಟ್ಟಿದ ವರ್ಷ ಕಂಡುಹಿಡಿಯುವವರು ಎಷ್ಟೋ ಸಲ ಒಂದು ವರ್ಷ ತಪ್ಪುವುದು ಇದಕ್ಕೇ.

ದಾಖಲಾತಿ ಪುಸ್ತಕ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮಾಟ್ರಿಕೆಲ್ ಎಂದು ಕರೆಯುವ ದಾಖಲಾತಿ ಪುಸ್ತಕದಲ್ಲಿ ಪ್ರತಿ ಅರ್ಧವರ್ಷಕ್ಕೊಬ್ಬ ರೆಕ್ಟರ್ (ವಿಶ್ವವಿದ್ಯಾಲಯದ ಮುಖ್ಯಸ್ಥ), ಅವನ ಕೆಳಗೆ ಆ ಅವಧಿಯಲ್ಲಿ ಸೇರಿದವರ ಹೆಸರು, ಊರು, ಕೊಟ್ಟ ಶುಲ್ಕ ಇರುತ್ತವೆ. ಬಹುತೇಕ ವಿಶ್ವವಿದ್ಯಾಲಯಗಳ ಪುಸ್ತಕಗಳು ಅಚ್ಚಾಗಿವೆ, ಹೆಸರಿನ ಅಕಾರಾದಿಯೂ ಊರಿನ ಅಕಾರಾದಿಯೂ ಇವೆ. ಊರಿನಿಂದ ಹುಡುಕಿ. ಹೆಸರಿನಿಂದ ಹುಡುಕಿದರೆ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ ಕಾಗುಣಿತ ನಿಮ್ಮನ್ನು ದಾಟಿಹೋಗುತ್ತದೆ.

ಸೇರಿದ ವರ್ಷವೇ ಓದಲು ಶುರುಮಾಡಿದ ವರ್ಷ ಅಲ್ಲ. ಪ್ರಾಧ್ಯಾಪಕರೂ ಸಭಾಪಾಲಕರೂ ತಮ್ಮ ಗಂಡುಮಕ್ಕಳನ್ನು ಎಂಟು ಹತ್ತು ವರ್ಷಕ್ಕೇ ಪುಸ್ತಕಕ್ಕೆ ಹತ್ತಿಸುತ್ತಿದ್ದರು. ಪ್ರಮಾಣವಚನ ತೆಗೆದುಕೊಳ್ಳುವ ವಯಸ್ಸಾಗದ ಇಂಥವರ ಹೆಸರಿನ ಪಕ್ಕ ‘ನೊನ್ ಯುರಾವಿಟ್’ (ಪ್ರಮಾಣ ಮಾಡಿಲ್ಲ) ಎಂದಿರುತ್ತದೆ. ಆಮೇಲೆ ದೊಡ್ಡವನಾಗಿ ಪ್ರಮಾಣ ಮಾಡಿದ ದಿನವೇ ನಿಮಗೆ ಬೇಕಾದದ್ದು. ಹದಿಮೂರನೆಯ ವಯಸ್ಸಿಗೇ ವಿಶ್ವವಿದ್ಯಾಲಯ ಸೇರಿದ ಅದ್ಭುತ ಬಾಲಕ ಎಂದು ಬರೆಯುವ ಮೊದಲು ಆ ಟಿಪ್ಪಣಿ ಇದೆಯೇ ನೋಡಿ. ‘ಗ್ರಾಟಿಸ್’ ಎಂದಿದ್ದರೆ ಶುಲ್ಕ ಮಾಫಿ; ಅದಕ್ಕೆ ಬಡತನವೂ ಕಾರಣ ಇರಬಹುದು, ಪ್ರಾಧ್ಯಾಪಕನ ಮಗ ಎಂಬ ಮರ್ಯಾದೆಯೂ ಇರಬಹುದು.

ಚಳಿಗಾಲದ ಅವಧಿ ಎರಡು ವರ್ಷಗಳನ್ನು ದಾಟುತ್ತದೆ. 1603ರ ಚಳಿಗಾಲದ ಪಟ್ಟಿಯಲ್ಲಿ ಹೆಸರಿದ್ದರೆ ಸೇರಿದ್ದು 1604ರ ಫೆಬ್ರುವರಿಯಲ್ಲೂ ಆಗಿರಬಹುದು. ದಿನ ಕೊಟ್ಟಿಲ್ಲವೆಂದರೆ ಎರಡು ವರ್ಷಗಳನ್ನೂ ಬರೆಯಿರಿ.

ಊರೂರು ತಿರುಗಿ ಓದುವುದು ಆಗ ಸಾಮಾನ್ಯ. ಗೆರ್ಹಾರ್ಡ್ 1599ರಲ್ಲಿ ವಿಟೆನ್‌ಬೆರ್ಗ್ ಸೇರಿ ತತ್ತ್ವಶಾಸ್ತ್ರ ಓದಿದ, ನಡುವೆ ವೈದ್ಯಕ್ಕೆ ತಿರುಗಿದ, 1603ರಲ್ಲಿ ಯೇನಾಕ್ಕೆ ಬಂದು ದೇವತಾಶಾಸ್ತ್ರ ಹಿಡಿದ, 1604ರಲ್ಲಿ ಮಾರ್‌ಬುರ್ಗ್‌ಗೆ ಹೋದ. ಹದಿನೈದರ ಹರೆಯದಲ್ಲಿ ಕಾಯಿಲೆ ಬಿದ್ದಾಗ ಕ್ವೆಡ್ಲಿನ್‌ಬುರ್ಗ್‌ನ ಸಭಾಪಾಲಕ ಯೋಹಾನ್ ಆರ್ನ್ಟ್ ಕೊಟ್ಟ ಸಾಂತ್ವನದಿಂದ ಸಭಾಸೇವೆಯ ಹಂಬಲ ಹುಟ್ಟಿತು ಎಂಬುದು ಎಲ್ಲ ಜೀವನಚಿತ್ರಗಳಲ್ಲೂ ಇದೆ. ಹಂಬಲ ಮೊದಲು, ವೈದ್ಯ ಆಮೇಲೆ. ಈ ಎರಡನ್ನು ಅಡಿಮೇಲು ಮಾಡಿ ‘ವೈದ್ಯ ಬಿಟ್ಟು ದೇವರ ಕಡೆ ತಿರುಗಿದ’ ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ, ಆದರೆ ಸುಳ್ಳು.

ಪದವಿಗಳ ಕ್ರಮ

ಇಂದಿನ ಓದುಗನ ಲೆಕ್ಕದಲ್ಲಿ ಡಾಕ್ಟರೇಟ್ ಮೊದಲು, ಕೆಲಸ ನಂತರ. ಆಗ ಹಲವು ಸಲ ತಿರುಗುಮುರುಗು. ತತ್ತ್ವಶಾಸ್ತ್ರ ವಿಭಾಗದ ಮಗಿಸ್ಟರ್ ಪದವಿ ಇಪ್ಪತ್ತರ ಆಚೀಚೆ ಸಿಗುತ್ತಿತ್ತು, ಅದೊಂದರಿಂದಲೇ ಪಾಠ ಹೇಳುವ ಅಧಿಕಾರ. ದೇವತಾಶಾಸ್ತ್ರದ ಲಿಟ್ಸೆಂಟಿಯಾಟ್ (ಡಾಕ್ಟರಿಗಿಂತ ಒಂದು ಮೆಟ್ಟಿಲು ಕೆಳಗಿನ ಪದವಿ), ಡಾಕ್ಟರ್ ಎರಡೂ ದುಬಾರಿ. ಪರೀಕ್ಷಾ ಶುಲ್ಕದ ಮೇಲೆ ಔತಣ, ಕಾಣಿಕೆ, ಮೆರವಣಿಗೆಯ ಖರ್ಚು. ಹಾಗಾಗಿ ದೊಡ್ಡ ಹುದ್ದೆ ಕೈಗೆ ಬಂದ ಮೇಲೆ, ಅಥವಾ ಬರುವುದು ಖಾತ್ರಿಯಾದ ಮೇಲೆ, ಹೊಸ ಯಜಮಾನನ ನೆರವಿನಿಂದಲೇ ಪದವಿ ಪಡೆಯುತ್ತಿದ್ದರು. ಮಾರ್ಟಿನ್ ಕೆಮ್ನಿಟ್ಸ್ 1567ರಲ್ಲಿ ಬ್ರೌನ್‌ಶ್ವೈಗ್‌ನ ಸೂಪರಿಂಟೆಂಡೆಂಟ್, ಅಂದರೆ ಸಭೆಗಳ ಮೇಲ್ವಿಚಾರಕ, ಆದ, ಮರುವರ್ಷ ರೋಸ್ಟೊಕ್‌ನಲ್ಲಿ ಡಾಕ್ಟರ್ ಆದ. ಗೆರ್ಹಾರ್ಡ್‌ಗೆ ಹೆಲ್ಡ್‌ಬುರ್ಗ್‌ನ ಸೂಪರಿಂಟೆಂಡೆಂಟ್ ಹುದ್ದೆಯೂ ಯೇನಾದ ಡಾಕ್ಟರ್ ಪದವಿಯೂ ಬಂದದ್ದು ಒಂದೇ ವರ್ಷ, 1606ರಲ್ಲಿ. ಪದವಿ ಮತ್ತು ನೇಮಕ ಹತ್ತಿರ ಹತ್ತಿರ ಬಂದರೆ ನೇಮಕದ ಪತ್ರವನ್ನು ಮೊದಲು ಹುಡುಕಿ, ಕಾರಣ ಅಲ್ಲಿರುತ್ತದೆ.

ರೆಕ್ಟರ್, ಡೀನ್ ಎಂಬವು ಸರದಿಯ ಕೆಲಸಗಳು. ರೆಕ್ಟರ್ ಆಗಿದ್ದೇ ಬದುಕಿನ ಶಿಖರ ಎಂಬಂತೆ ಬರೆಯಬೇಡಿ. ಹತ್ತು ವರ್ಷ ಪ್ರಾಧ್ಯಾಪಕನಾಗಿದ್ದವನಿಗೆ ಅದು ಬರಲೇಬೇಕಿತ್ತು.

ವಾದಗೋಷ್ಠಿಯ ಅಚ್ಚುಪ್ರತಿಗಳು

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವುದೂ ಹೆಚ್ಚು ದಾರಿ ತಪ್ಪಿಸುವುದೂ ಇವೇ. ಸಾಮಾನ್ಯವಾಗಿ ಕ್ವಾರ್ಟೊ (ಅಚ್ಚಿನ ಹಾಳೆಯನ್ನು ನಾಲ್ಕಾಗಿ ಮಡಿಚಿದ) ಅಳತೆಯ ಕೆಲವೇ ಹಾಳೆಗಳ ಪುಸ್ತಿಕೆ. ಮುಖಪುಟದಲ್ಲಿ ಇಬ್ಬರ ಹೆಸರು: ಅಧ್ಯಕ್ಷತೆ ವಹಿಸಿದ ಪ್ರೆಸೆಸ್, ಪ್ರಬಂಧವನ್ನು ಸಮರ್ಥಿಸಿಕೊಂಡ ರೆಸ್ಪೊಂಡೆನ್ಸ್. ಬರೆದವರು ಯಾರು? ಬಹಳಷ್ಟು ಸಲ ಪ್ರೆಸೆಸ್. ಪಾಠದ ಭಾಗವಾಗಿ ತಾನು ಬರೆದ ಸೂತ್ರಗಳನ್ನು ವಿದ್ಯಾರ್ಥಿಯ ಬಾಯಲ್ಲಿ ಸಮರ್ಥಿಸುವುದು ರೂಢಿ. ಅಚ್ಚಿನ ಖರ್ಚು ಸಾಮಾನ್ಯವಾಗಿ ವಿದ್ಯಾರ್ಥಿಯದು, ಅದಕ್ಕೇ ಅವನ ಪೋಷಕರಿಗೆ ಅರ್ಪಣೆ. ವಿದ್ಯಾರ್ಥಿಯೇ ಬರೆದಿದ್ದರೆ ಅವನ ಹೆಸರಿನ ಮುಂದೆ ‘ಔಕ್ತೊರ್ ಎತ್ ರೆಸ್ಪೊಂಡೆನ್ಸ್’ (ಲೇಖಕ ಮತ್ತು ಸಮರ್ಥಕ) ಎಂದು ಹಾಕುತ್ತಿದ್ದರು. ಎ ಮತ್ತು ಆರ್ ಎಂದು ಎರಡಕ್ಷರಕ್ಕೆ ಕುಗ್ಗಿಸಿಯೂ ಇರಬಹುದು. ಆ ಗುರುತಿಲ್ಲದ ಪುಸ್ತಿಕೆಯನ್ನು ವಿದ್ಯಾರ್ಥಿಯ ‘ಮೊದಲ ಕೃತಿ’ ಎಂದು ಕರೆಯುವುದು ದುಡುಕು. ಗ್ರಂಥಾಲಯ ಸೂಚಿಗಳು ಎರಡು ಹೆಸರಿನಲ್ಲಿ ಯಾವುದನ್ನು ಲೇಖಕನ ಜಾಗದಲ್ಲಿ ಹಾಕುತ್ತವೆ ಎಂಬುದು ಆಯಾ ಗ್ರಂಥಾಲಯದ ಪದ್ಧತಿ, ಸಾಕ್ಷ್ಯವಲ್ಲ.

ಯಾವ ಬಗೆಯ ಗೋಷ್ಠಿ ಎಂಬುದನ್ನೂ ಗುರುತಿಸಿ. ‘ಎಕ್ಸೆರ್ಸಿಟಿಯ’ ಎಂಬ ಮಾತಿದ್ದರೆ ಅಭ್ಯಾಸಕ್ಕೆ. ‘ಪ್ರೊ ಗ್ರಾಡು’ ಅಥವಾ ‘ಇನೌಗುರಾಲಿಸ್’ ಇದ್ದರೆ ಪದವಿಗೆ. ‘ಪ್ರೊ ಲೊಕೊ’ ಇದ್ದರೆ ವಿಭಾಗದಲ್ಲಿ ಸ್ಥಾನಕ್ಕೆ. ಈ ಕೊನೆಯದು ಸಿಕ್ಕರೆ ಅದೃಷ್ಟ: ಆತ ಯಾವ ತಿಂಗಳಲ್ಲಿ ಬೋಧಕವರ್ಗದೊಳಗೆ ಕಾಲಿಟ್ಟ ಎಂಬುದು ಅಚ್ಚಿನಲ್ಲೇ ಇರುತ್ತದೆ.

ತಾರೀಖಿನ ಜಾಗ ಖಾಲಿ ಬಿಟ್ಟು ಅಚ್ಚು ಹಾಕಿ, ಆಮೇಲೆ ಕೈಯಲ್ಲಿ ತುಂಬುವುದಿತ್ತು. ನೀವು ನೋಡುತ್ತಿರುವ ಪ್ರತಿಯಲ್ಲಿ ಖಾಲಿ ಇದ್ದರೆ ಇನ್ನೊಂದು ಗ್ರಂಥಾಲಯದ ಪ್ರತಿ ತೆರೆದು ನೋಡಿ, ಅಲ್ಲಿ ತುಂಬಿರಬಹುದು. ಅಚ್ಚಾದ ತಾರೀಖು ಎಂದ ಮಾತ್ರಕ್ಕೆ ಗೋಷ್ಠಿ ಅಂದೇ ನಡೆಯಿತು ಎಂದೂ ಅಲ್ಲ; ಮುಂದೂಡಿಕೆಯಾದಾಗ ಕೈಬರಹದ ತಿದ್ದುಪಡಿ ಕಾಣುತ್ತದೆ.

ಹೆಸರಿನ ಹಿಂದಿನ ಬಾಲಗಳನ್ನು ಪೂರ್ತಿ ನಕಲು ಮಾಡಿಕೊಳ್ಳಿ, ಬೇಸರಪಟ್ಟುಕೊಂಡು ಮೊಟಕು ಮಾಡಬೇಡಿ. ಎಂ ಅಂದರೆ ಮಗಿಸ್ಟರ್, ಲಿಕ್ ಅಂದರೆ ಲಿಟ್ಸೆಂಟಿಯಾಟ್, ಡಿ ಅಂದರೆ ಡಾಕ್ಟರ್, ಎರಡು ಪಿ ಅಂದರೆ ಸಾರ್ವಜನಿಕ ಪ್ರಾಧ್ಯಾಪಕ. ಎಚ್ ಟಿ ಅಥವಾ ಪಿ ಟಿ ಬಂದು ಮುಂದೆ ಡೀನ್ ಎಂದಿದ್ದರೆ ಆ ಹೊತ್ತಿಗೆ ಮಾತ್ರ ಡೀನ್. ಎಕ್ಸ್ಟ್ರಾಆರ್ಡಿನಾರಿಯುಸ್ ಎಂದರೆ ವಿಭಾಗದ ಮತಾಧಿಕಾರ ಇಲ್ಲದ, ಸಂಬಳವೂ ಕಡಿಮೆ ಅಥವಾ ಇಲ್ಲವೇ ಇಲ್ಲದ ಪ್ರಾಧ್ಯಾಪಕ. ಒಬ್ಬನ ಅಧ್ಯಕ್ಷತೆಯ ಗೋಷ್ಠಿಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ಜೋಡಿಸಿದರೆ ಈ ಬಾಲಗಳೇ ಬಡ್ತಿಯ ಪಟ್ಟಿ ಕೊಡುತ್ತವೆ. ಜೊತೆಗೆ, ನಡುವೆ ಎಂಟು ಹತ್ತು ತಿಂಗಳು ಏನೂ ಇಲ್ಲವೆಂದರೆ ಅಲ್ಲಿ ಪ್ಲೇಗ್, ಯುದ್ಧ, ಕಾಯಿಲೆ ಅಥವಾ ದೊರೆಯ ಕೆಲಸಕ್ಕೆ ಪ್ರಯಾಣ ಇದೆ ಎಂದು ಹುಡುಕಲು ಶುರುಮಾಡಿ.

ಕೆಲವು ಮುಖಪುಟಗಳಲ್ಲಿ ವರ್ಷವೇ ಇರುವುದಿಲ್ಲ, ವಾಕ್ಯದ ನಡುನಡುವೆ ದಪ್ಪ ಅಕ್ಷರಗಳಿರುತ್ತವೆ. ಅವು ರೋಮನ್ ಅಂಕಿಗಳು, ಕೂಡಿಸಿದರೆ ವರ್ಷ. ಸ್ವೀಡನ್ ದೊರೆ ಗುಸ್ತಾವ್ ಅಡಾಲ್ಫ್‌ನ 1627ರ ನಾಣ್ಯದ ಮೇಲೆ ‘ಕ್ರಿಸ್ತುಸ್ ಡುಕ್ಸ್ ಎರ್ಗೊ ಟ್ರಿಯುಂಫುಸ್’ ಎಂದಿದೆ. ದಪ್ಪಕ್ಷರಗಳು ಎಂ, ಡಿ, ಸಿ, ಎಕ್ಸ್ ಒಂದೊಂದು, ವಿ ಮೂರು, ಐ ಎರಡು. 1000, 500, 100, 10, 15, 2. ಲ್ಯಾಟಿನ್ ಬರಹದಲ್ಲಿ ಯು, ವಿ ಎರಡಕ್ಕೂ ಒಂದೇ ಅಕ್ಷರ; ‘ಡುಕ್ಸ್’ ಒಳಗಿನ ಸಣ್ಣ ಸ್ವರವನ್ನೂ ವಿ ಎಂದು ಎಣಿಸಿದರೆ 1632 ಆಗಿಬಿಡುತ್ತದೆ. ಅಚ್ಚಿನ ಚಿತ್ರವನ್ನೇ ನೋಡಿ, ಸೂಚಿಯಲ್ಲಿ ಟೈಪ್ ಮಾಡಿದ್ದನ್ನಲ್ಲ.

ಹುದ್ದೆ ಮತ್ತು ಸಂಬಳ

ದೇವತಾಶಾಸ್ತ್ರ ವಿಭಾಗದಲ್ಲಿ ಮೂರೋ ನಾಲ್ಕೋ ಪೂರ್ಣ ಪ್ರಾಧ್ಯಾಪಕರು, ಅವರಲ್ಲಿ ಒಂದನೆಯವನು, ಎರಡನೆಯವನು ಎಂಬ ಶ್ರೇಣಿ. ಮೇಲಿನವನು ಸತ್ತರೆ ಕೆಳಗಿನವರು ಒಂದೊಂದು ಮೆಟ್ಟಿಲು ಏರುತ್ತಾರೆ. ಒಳಬರುವ ದಾರಿ ಹಲವರಿಗೆ ತತ್ತ್ವಶಾಸ್ತ್ರ ವಿಭಾಗ: ಹೀಬ್ರೂ, ತರ್ಕ, ಗ್ರೀಕ್ ಪಾಠ ಹೇಳುತ್ತ ಜಾಗ ಖಾಲಿಯಾಗುವುದನ್ನು ಕಾಯುವುದು. ಗೆರ್ಹಾರ್ಡನ ಸೋದರಳಿಯ ಯೋಹಾನ್ ಆಂಡ್ರೆಯಾಸ್ ಕ್ವೆನ್‌ಸ್ಟೆಟ್ (1617–1688) ವಿಟೆನ್‌ಬೆರ್ಗ್‌ನಲ್ಲಿ ಭೂಗೋಳದ ಪಾಠವನ್ನೂ ಹೇಳಿದವನು. ಇದನ್ನು ‘ಬಹುಮುಖ ಪ್ರತಿಭೆ’ ಎಂದು ಹೊಗಳುವುದಕ್ಕಿಂತ ಕಾಯುವ ಕಾಲ ಎಂದು ಓದುವುದು ವಾಸ್ತವಕ್ಕೆ ಹತ್ತಿರ.

ಒಬ್ಬನೇ ಹಲವು ಹುದ್ದೆ ಹೊರುತ್ತಿದ್ದ. 1650ರಲ್ಲಿ ವಿಟೆನ್‌ಬೆರ್ಗ್‌ಗೆ ಬಂದ ಅಬ್ರಹಾಂ ಕಾಲೊವ್ (1612–1686) ಪ್ರಾಧ್ಯಾಪಕ, ನಗರದ ಸಭಾಪಾಲಕ, ಜನರಲ್ ಸೂಪರಿಂಟೆಂಡೆಂಟ್ ಎಲ್ಲವೂ ಆಗಿದ್ದ. ಪ್ರತಿ ಹುದ್ದೆಗೂ ಬೇರೆ ನೇಮಕ, ಬೇರೆ ಸಂಬಳ, ಬೇರೆ ದಾಖಲೆ ಕಪಾಟು. ಒಂದೇ ತಾರೀಖಿಗೆ ಎಲ್ಲವನ್ನೂ ಕಟ್ಟಬೇಡಿ.

ಸಂಬಳ ಹೇಳುವಾಗ ನಾಣ್ಯದ ಹೆಸರು ಬಿಡಬೇಡಿ. ಸ್ಯಾಕ್ಸನಿಯಲ್ಲಿ ಗುಲ್ಡನ್‌ಗೆ 21 ಗ್ರೋಶೆನ್, ರೈಕ್ಸ್‌ಟಾಲರ್‌ಗೆ 24, ಗ್ರೋಶೆನ್‌ಗೆ 12 ಫೆನಿಗ್. 200 ಗುಲ್ಡನ್ ಎಂದರೆ 4200 ಗ್ರೋಶೆನ್, ಅಂದರೆ 175 ಟಾಲರ್. ಇದರ ಮೇಲೆ ಧಾನ್ಯ, ಸೌದೆ, ಮನೆ, ಗೋಷ್ಠಿಯ ಶುಲ್ಕ, ಮನೆಯಲ್ಲಿ ಊಟಕ್ಕಿರುವ ವಿದ್ಯಾರ್ಥಿಗಳ ಹಣ. ನಗದು ಮಾತ್ರ ನೋಡಿ ಬಡವ ಎಂದುಬಿಟ್ಟರೆ ತಪ್ಪು. ಮೂವತ್ತು ವರ್ಷದ ಯುದ್ಧದ ಶುರುವಿನಲ್ಲಿ, 1619ರಿಂದ 1623ರವರೆಗೆ, ಟಂಕಸಾಲೆಗಳು ಬೆಳ್ಳಿ ಕಡಿಮೆ ಮಾಡಿ ನಾಣ್ಯ ಕೆಡಿಸಿದವು. ಆ ವರ್ಷಗಳ ಸಂಬಳದ ಅಂಕಿಯನ್ನು ಮುಂಚಿನದರ ಜೊತೆ ಹೋಲಿಸಿ ‘ಏರಿಕೆ’ ಎನ್ನುವುದಕ್ಕಿಲ್ಲ.

ಊರು ಬಿಟ್ಟದ್ದು ಯಾಕೆ

ಪ್ರತಿ ವರ್ಗಾವಣೆಯ ಪಕ್ಕ ಆ ಸೀಮೆಯ ದೊರೆಯ ಹೆಸರು ಬರೆಯಿರಿ. ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ. ಗೆರ್ಹಾರ್ಡ್ ಮಾರ್‌ಬುರ್ಗ್‌ನಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. 1605ರಲ್ಲಿ ಹೆಸೆನ್-ಕಾಸೆಲ್‌ನ ಮೊರಿಟ್ಸ್ ಅಲ್ಲಿ ಸುಧಾರಿತ ಪಂಥ, ಅಂದರೆ ಕ್ಯಾಲ್ವಿನ್ ಕಡೆಯ ಬದಲಾವಣೆ ತಂದ. ಗೆರ್ಹಾರ್ಡ್‌ಗೆ ಪಾಠ ಹೇಳಿದ ಬಾಲ್ಟಜಾರ್ ಮೆಂಟ್ಸರ್, ಯೋಹಾನ್ ವಿಂಕಲ್‌ಮನ್ ಊರು ಬಿಟ್ಟರು. ಅವರಂಥವರಿಗಾಗಿಯೇ ಹೆಸೆನ್-ಡಾರ್ಮ್‌ಸ್ಟಾಟ್ 1607ರಲ್ಲಿ ಗೀಸೆನ್ ವಿಶ್ವವಿದ್ಯಾಲಯ ತೆರೆಯಿತು. 1620ರ ದಶಕದಿಂದ 1650ರವರೆಗೆ ಅದೇ ಗೀಸೆನ್ ವಿಶ್ವವಿದ್ಯಾಲಯ ಮಾರ್‌ಬುರ್ಗ್‌ನಲ್ಲಿತ್ತು. ಹಾಗಾಗಿ 1630ರಲ್ಲಿ ‘ಮಾರ್‌ಬುರ್ಗ್ ಪ್ರಾಧ್ಯಾಪಕ’ ಎಂದರೆ ಲುಥೆರನ್. 1610ರಲ್ಲಿ ಹಾಗಲ್ಲ.

ಸಹಿಯ ವಿಷಯವೂ ಹಾಗೇ. 1580ರಲ್ಲಿ ಪ್ರಕಟವಾದ, ಲುಥೆರನ್ ನಂಬಿಕೆಯ ಅಧಿಕೃತ ಹೇಳಿಕೆಗಳ ಸಂಗ್ರಹವಾದ ಕಾನ್ಕಾರ್ಡ್ ಗ್ರಂಥಕ್ಕೆ ಸಹಿ ಹಾಕದೆ ಸ್ಯಾಕ್ಸನಿಯಲ್ಲಿ ಕೆಲಸ ಇಲ್ಲ. ಡೆನ್ಮಾರ್ಕ್ ದೊರೆ ಅದನ್ನು ತನ್ನ ರಾಜ್ಯದೊಳಗೆ ಬಿಡಲೇ ಇಲ್ಲ. ಹೆಲ್ಮ್‌ಸ್ಟೆಟ್‌ನಲ್ಲಿ ಅದಕ್ಕೆ ಬಲ ಇರಲಿಲ್ಲವಾದ್ದರಿಂದ ಪಂಥಗಳ ನಡುವೆ ರಾಜಿ ಬಯಸಿದ ಗೇಯೊರ್ಗ್ ಕಾಲಿಕ್ಸ್ಟ್ (1586–1656) ಅಲ್ಲಿ ಕೂತು ಬರೆದದ್ದನ್ನು ವಿಟೆನ್‌ಬೆರ್ಗ್‌ನಲ್ಲಿ ಬರೆಯಲು ಆಗುತ್ತಿರಲಿಲ್ಲ. ವಿಟೆನ್‌ಬೆರ್ಗ್‌ನಲ್ಲೇ ಗಾಳಿ ತಿರುಗಿದ್ದುಂಟು: 1574ರಲ್ಲಿ ಲೂಥರನ ಸಹೋದ್ಯೋಗಿ ಮೆಲಾಂಕ್ಟನ್‌ನ ಬಣದವರನ್ನು ಕ್ಯಾಲ್ವಿನ್ ಕಡೆಯವರೆಂದು ಹೊರಹಾಕಿದರು, 1586ರಿಂದ ಸ್ಯಾಕ್ಸನಿಯ ಕ್ರಿಸ್ಟಿಯಾನ್ ದೊರೆಯ ಕಾಲದಲ್ಲಿ ಮತ್ತೆ ಸಡಿಲವಾಯಿತು, 1591ರಲ್ಲಿ ಆತ ಸತ್ತೊಡನೆ ಮತ್ತೆ ಬಿಗಿ. ಈ ವರ್ಷಗಳ ಆಸುಪಾಸಿನಲ್ಲಿ ಕೆಲಸ ಕಳೆದುಕೊಂಡವನ ವಿಷಯದಲ್ಲಿ ವೈಯಕ್ತಿಕ ಜಗಳ ಹುಡುಕುವ ಮುನ್ನ ಇದನ್ನು ನೋಡಿ.

ಕರೆ ಬಂದರೂ ಹೋಗಲಾಗದಿರುವುದು ಇನ್ನೊಂದು ಬಗೆ. ಗೆರ್ಹಾರ್ಡ್ ಮೇಲೆ ವಿಶ್ವವಿದ್ಯಾಲಯಗಳಿಗೆ ಕಣ್ಣಿತ್ತು, ಆದರೆ ಕೋಬರ್ಗ್‌ನ ಡ್ಯೂಕ್ ಯೋಹಾನ್ ಕಾಸಿಮಿರ್ ಬಿಟ್ಟುಕೊಡಲು ಒಪ್ಪದೆ 1615ರಲ್ಲಿ ಅವನನ್ನು ಜನರಲ್ ಸೂಪರಿಂಟೆಂಡೆಂಟ್ ಮಾಡಿದ. 1616ರಲ್ಲಿ ಕೊನೆಗೂ ಯೇನಾಕ್ಕೆ ಬಿಡುಗಡೆ. ಪ್ಲೇಗ್ ಬಂದಾಗ ವಿಶ್ವವಿದ್ಯಾಲಯವೇ ಊರು ಬದಲಿಸುತ್ತಿತ್ತು ಎಂಬುದೂ ನೆನಪಿರಲಿ. 1610–11ರಲ್ಲಿ ಟ್ಯೂಬಿಂಗನ್‌ನ ಪಾಠಗಳು ಕಾಲ್ವ್, ಹೆರೆನ್‌ಬೆರ್ಗ್‌ಗಳಲ್ಲಿ ನಡೆದವು. ಆ ಊರಿನಿಂದ ಬರೆದ ಪತ್ರ ಸಿಕ್ಕರೆ ಹೊಸ ಹುದ್ದೆ ಅಂತ ಅಲ್ಲ.

ಅಂತ್ಯಕ್ರಿಯೆಯ ಪ್ರಸಂಗ

ಲುಥೆರನ್ನರು ಶವಸಂಸ್ಕಾರದ ಪ್ರಸಂಗವನ್ನು ಅಚ್ಚು ಹಾಕಿಸಿ ಹಂಚುತ್ತಿದ್ದರು. ವೋಲ್ಫೆನ್‌ಬ್ಯುಟೆಲ್‌ನಲ್ಲಿರುವ ಸ್ಟೋಲ್‌ಬೆರ್ಗ್ ಸಂಗ್ರಹವೊಂದರಲ್ಲೇ ಇಂಥವು 20,000ಕ್ಕೂ ಹೆಚ್ಚಿವೆ. ಒಳಗೆ ಮೂರು ಭಾಗ: ಬೈಬಲ್ ವಚನದ ಮೇಲಿನ ಪ್ರಸಂಗ, ಪೆರ್ಸೊನಾಲಿಯ ಎಂಬ ಜೀವನ ವಿವರ, ಕೊನೆಗೆ ಗೆಳೆಯರ ಶೋಕಗೀತೆಗಳು. ನೇರ ಎರಡನೆಯ ಭಾಗಕ್ಕೆ ಹೋಗುವವರು ಮೂರನೆಯದನ್ನು ಕಳೆದುಕೊಳ್ಳುತ್ತಾರೆ. ಗೀತೆ ಬರೆದವರು ತಮ್ಮ ಹೆಸರಿನ ಕೆಳಗೆ ‘ಅಳಿಯ’, ‘ಸಹೋದ್ಯೋಗಿ’, ‘ಶಿಷ್ಯ’ ಎಂದು ಸಂಬಂಧ ಹಾಕಿರುತ್ತಾರೆ. ಇಡೀ ಬಳಗ ಅಲ್ಲಿದೆ.

ಜೀವನ ವಿವರವನ್ನು ಹಲವರು ಸಾಯುವ ಮೊದಲೇ ತಾವೇ ಬರೆದಿಡುತ್ತಿದ್ದರು. ಹುಟ್ಟಿದ ದಿನ, ತಂದೆತಾಯಿ, ಅಜ್ಜಂದಿರು, ಮದುವೆ, ಮಕ್ಕಳು, ಕೊನೆಯ ಕಾಯಿಲೆ: ಇವನ್ನು ಬಹುಮಟ್ಟಿಗೆ ನಂಬಬಹುದು, ಕೇಳುತ್ತ ಕೂತವರಿಗೆಲ್ಲ ಗೊತ್ತಿದ್ದ ಸಂಗತಿ. ಬಾಲ್ಯದ ಭಕ್ತಿ, ನಿರಾಕರಿಸಿದ ಕರೆಗಳ ಸಂಖ್ಯೆ, ಸಾಯುವಾಗಿನ ಶಾಂತ ಮಾತುಗಳು ಪದ್ಧತಿಯ ಭಾಗ. ಬೇರೆ ಸಾಕ್ಷ್ಯ ಇಲ್ಲದೆ ‘ಪ್ರಸಂಗದ ಪ್ರಕಾರ’ ಎಂದೇ ಬರೆಯಿರಿ. ಇದಕ್ಕಿಂತ ಬಿಗಿಯಾದ ಮೂಲ, ರೆಕ್ಟರ್ ಹೊರಡಿಸುತ್ತಿದ್ದ ಲ್ಯಾಟಿನ್ ಅಂತ್ಯಕ್ರಿಯೆ ಪ್ರಕಟಣೆ. ಅದು ಸಿಕ್ಕರೆ ಹುದ್ದೆಯ ತಾರೀಖುಗಳಿಗೆ ಅದನ್ನೇ ಹಿಡಿಯಿರಿ.

ಮದುವೆಗಳನ್ನು ಕೊನೆಯ ಸಾಲಿಗೆ ತಳ್ಳಬೇಡಿ. ಹುದ್ದೆಗಳು ಮಾವನ ಮನೆಯಿಂದಲೂ ಬರುತ್ತಿದ್ದವು. ಕಾಲೊವ್ ಆರು ಸಲ ಮದುವೆಯಾದವನು. 1684ರಲ್ಲಿ, 72ರ ವಯಸ್ಸಿಗೆ, ಸಹೋದ್ಯೋಗಿ ಕ್ವೆನ್‌ಸ್ಟೆಟ್‌ನ ಮಗಳನ್ನು. ಮಾವ ಅಳಿಯನಿಗಿಂತ ಐದು ವರ್ಷ ಚಿಕ್ಕವನು.

ಪುಸ್ತಕಗಳನ್ನು ಬದುಕಿನ ಸಾಲಿಗೆ ಜೋಡಿಸುವುದು

ಈಗ ಪುಸ್ತಕಗಳಿಗೆ ಬನ್ನಿ. ಜರ್ಮನ್ ಭಾಷಾ ಸೀಮೆಯ ಅಚ್ಚುಗಳಿಗೆ ಶತಮಾನವಾರು ರಾಷ್ಟ್ರೀಯ ಸೂಚಿಗಳಿವೆ: ವಿಡಿ 16, ವಿಡಿ 17, ವಿಡಿ 18. ಬಹಳಷ್ಟು ಪುಸ್ತಕಗಳ ಪುಟಚಿತ್ರಗಳೂ ಅಲ್ಲಿಂದಲೇ ತೆರೆದುಕೊಳ್ಳುತ್ತವೆ. ಮೊದಲ ಮುದ್ರಣ ಹಿಡಿಯಿರಿ. ಆನಂತರದ ಮುದ್ರಣದ ಮುಖಪುಟ ಹೊಸ ಪದವಿ, ಹೊಸ ಊರು ಹೇಳುತ್ತದೆ. ಗೆರ್ಹಾರ್ಡನ ದೊಡ್ಡ ಸಿದ್ಧಾಂತ ಗ್ರಂಥ ‘ಲೋಚಿ ತೇಒಲೋಗಿಚಿ’ 1610ರಿಂದ 1622ರವರೆಗೆ ಒಂಬತ್ತು ಸಂಪುಟಗಳಲ್ಲಿ ಬಂತು. ಅದನ್ನು ‘ಯೇನಾ ಪ್ರಾಧ್ಯಾಪಕನ ಗ್ರಂಥ’ ಎನ್ನುವುದು ವಾಡಿಕೆ. ಹುದ್ದೆಯ ಸಾಲಿನ ಪಕ್ಕ ಇಟ್ಟು ನೋಡಿ: ಶುರುವಾದಾಗ ಆತ ಹೆಲ್ಡ್‌ಬುರ್ಗ್ ಎಂಬ ಸಣ್ಣ ಊರಿನ ಸೂಪರಿಂಟೆಂಡೆಂಟ್, ಸಭೆಗಳ ತಪಾಸಣೆ ಮಾಡುತ್ತ, ಕೋಬರ್ಗ್‌ನ ಶಾಲೆಯಲ್ಲಿ ವಾದಗೋಷ್ಠಿ ನಡೆಸುತ್ತ ಇದ್ದವನು. ಯೇನಾದ ಕುರ್ಚಿಗೆ ಇನ್ನೂ ಆರು ವರ್ಷ ಇತ್ತು. ಧ್ಯಾನಗಳ ಪುಸ್ತಕ ಇನ್ನೂ ಮುಂಚೆ, 1606ರದು, ಆಗ ಅವನಿಗೆ 24 ತುಂಬುವ ಹೊತ್ತು.

ಒಂದು ಕೊನೆಯ ತೊಡಕು. ಶರತ್ಕಾಲದ ಪುಸ್ತಕಸಂತೆಗೆ ಹೊರಡುವ ಪುಸ್ತಕಗಳಿಗೆ ಮುದ್ರಕರು ಮುಂದಿನ ವರ್ಷದ ಅಂಕಿ ಹಾಕುತ್ತಿದ್ದರು, ಹಳತಾಗಿ ಕಾಣಬಾರದೆಂದು. ಅರ್ಪಣೆಯ ಕೊನೆಯಲ್ಲಿ ಲೇಖಕ ಹಾಕಿದ ಊರು-ತಾರೀಖು ಇರುತ್ತದೆ. ಮುಖಪುಟ 1617 ಎಂದು ಅರ್ಪಣೆ 1616ರ ಸೆಪ್ಟೆಂಬರ್ ಎಂದಿದ್ದರೆ ಹಾಳೆಯಲ್ಲಿ ಎರಡನ್ನೂ ಬರೆದು, ಬದುಕಿನ ಸಾಲಿಗೆ ಅರ್ಪಣೆಯದನ್ನು ಹಿಡಿಯಿರಿ. ಅರ್ಪಣೆ ಯಾವ ದೊರೆಗೆ ಎಂಬುದನ್ನೂ ಪಕ್ಕದಲ್ಲೇ ಗುರುತು ಮಾಡಿಕೊಳ್ಳಿ, ಮುಂದಿನ ನೇಮಕ ಎಷ್ಟೋ ಸಲ ಆ ಅರಮನೆಯಿಂದಲೇ ಬಂದಿರುತ್ತದೆ.